ಕೆಟ್ಟ ಎಸ್‌ಎಸ್‌ಡಿ ಜಾಗಕ್ಕೆ ಯಾವುದು? ನಾಲ್ಕು ಬಗೆಗಳ ಹೋಲಿಕೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ಒಂದು ಟಿಬಿ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಜಾಗಕ್ಕೆ ಬಂದಿರುವ, ಫ್ಲ್ಯಾಶ್ ಚಿಪ್‌ಗಳ ಡ್ರೈವ್) ಕೇಳಿದರೆ ಕೌಂಟರಿನ ಮೇಲೆ ನಾಲ್ಕು ಬಗೆ ಬಂದು ಕೂರುತ್ತವೆ. ಡಿರಾಮ್ ಇರುವ ಎರಡೂವರೆ ಇಂಚಿನ ಸಾಟಾ, ಡಿರಾಮ್ ಇಲ್ಲದ ಅಗ್ಗದ ಸಾಟಾ, ಟಿಎಲ್‌ಸಿ ಎನ್‌ವಿಎಂಇ, ಕ್ಯೂಎಲ್‌ಸಿ ಎನ್‌ವಿಎಂಇ. ಸಾಟಾ ಹಳೆಯ, ನಿಧಾನದ ಸಂಪರ್ಕ; ಎನ್‌ವಿಎಂಇ ಹೊಸ, ವೇಗದ್ದು. ಡಿರಾಮ್ ಡ್ರೈವ್ ಒಳಗಿನ ವೇಗದ ಮೆಮೊರಿ; ಟಿಎಲ್‌ಸಿ, ಕ್ಯೂಎಲ್‌ಸಿ ಡೇಟಾ ಇಡುವ ಫ್ಲ್ಯಾಶ್‌ನ ಬಗೆಗಳು. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಓದುವ ವೇಗ. ಮನೆಯ ಕಂಪ್ಯೂಟರಿಗೆ ಅದನ್ನು ಕೊನೆಗೆ ನೋಡಿದರೆ ಸಾಕು. ನಾಲ್ಕನ್ನೂ ಹಾಕಿ ಬಳಸಿದ ಮೇಲೆ ನಾವು ಮೊದಲು ಕೇಳುವುದು ಎರಡೇ ಪ್ರಶ್ನೆ: ನಿಮ್ಮ ಮದರ್‌ಬೋರ್ಡ್ ಅದರಿಂದ ಬೂಟ್ ಆಗುತ್ತದೆಯೇ, ಅಂದರೆ ವಿಂಡೋಸ್ ಅದರಿಂದಲೇ ಶುರುವಾಗುತ್ತದೆಯೇ? ಕ್ಯಾಶ್ (ಬರೆಯುವಾಗ ಮೊದಲು ತುಂಬುವ ವೇಗದ ಜಾಗ) ತುಂಬಿದ ಮೇಲೆ ಬರೆಯುವ ವೇಗ ಎಷ್ಟು ಉಳಿಯುತ್ತದೆ?

ಅದಕ್ಕೂ ಮೊದಲು ಹಳೆಯದು ನಿಜಕ್ಕೂ ಸತ್ತಿದೆಯೇ ನೋಡಿ. ಸಾಟಾ ಆದರೆ ಕೇಬಲ್ ಮತ್ತು ಪೋರ್ಟ್ ಬದಲಿಸಿ. ಡ್ರೈವ್ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ತಂತ್ರಾಂಶದಲ್ಲಿ ಸಿಆರ್‌ಸಿ ಎರರ್ (ಡೇಟಾ ಸಾಗುವಾಗಿನ ತಪ್ಪು) ಎಣಿಕೆ ಏರುತ್ತಲೇ ಇದ್ದರೆ ತಪ್ಪು ಬಹುತೇಕ ಕೇಬಲ್ಲಿನದು. ಕರೆಂಟ್ ದಿಢೀರನೆ ಹೋಗಿ ಬಂದಮೇಲೆ ಡ್ರೈವ್ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ ಪರದೆ) ಕಾಣದಿದ್ದರೆ, ಡೇಟಾ ಕೇಬಲ್ ತೆಗೆದು ಪವರ್ ಮಾತ್ರ ಕೊಟ್ಟು 20 ನಿಮಿಷ ಬಿಡಿ. 30 ಸೆಕೆಂಡು ಪವರ್ ಕಿತ್ತು, ಇನ್ನೊಮ್ಮೆ ಹಾಗೆಯೇ ಮಾಡಿ. ಯಾವ ಡೇಟಾ ಎಲ್ಲಿದೆ ಎಂಬ ಪಟ್ಟಿಯನ್ನು ಡ್ರೈವ್ ಒಳಗಿನ ಕಂಟ್ರೋಲರ್ ಚಿಪ್ ಮತ್ತೆ ಕಟ್ಟಿಕೊಳ್ಳಲು ಇದರಿಂದ ಅವಕಾಶ ಸಿಗುತ್ತದೆ. ಎದ್ದುಕೊಂಡರೆ ನಂಬಬೇಡಿ, ಆ ಗಳಿಗೆಯಲ್ಲೇ ಫೈಲುಗಳನ್ನು ಹೊರಗೆ ತೆಗೆಯಿರಿ.

ಈಗ ಬೋರ್ಡ್. ಎಚ್61, ಎಚ್81 ಚಿಪ್‌ಸೆಟ್‌ನ ಹಳೆಯ ಡೆಸ್ಕ್‌ಟಾಪ್‌ಗಳು ಬೆಂಗಳೂರಿನ ಮನೆಗಳಲ್ಲಿ ಇನ್ನೂ ಓಡುತ್ತಿವೆ. ಇಂಥವು ಸಾಮಾನ್ಯವಾಗಿ ಎನ್‌ವಿಎಂಇಯಿಂದ ಬೂಟ್ ಆಗುವುದಿಲ್ಲ. ಪಿಸಿಐಇ ಅಡಾಪ್ಟರ್ ಕಾರ್ಡಿನಲ್ಲಿ ಹಾಕಿದರೆ ವಿಂಡೋಸ್ 10ರ ಒಳಗೆ ಡ್ರೈವ್ ಕಾಣುತ್ತದೆ, ಆದರೆ ಬೂಟ್ ಪಟ್ಟಿಯಲ್ಲಿ ಬರುವುದಿಲ್ಲ. ಇವುಗಳಿಗೆ ಸಾಟಾವೇ ಸುಲಭದ ದಾರಿ. ಎಂ.2 ಸ್ಲಾಟ್ ಇದ್ದರೂ ಎಚ್ಚರ ಬೇಕು. ಎಂ.2 ಎಂಬುದು ಆಕಾರದ ಹೆಸರು ಅಷ್ಟೇ. ಅದೇ ಆಕಾರದಲ್ಲಿ ಸಾಟಾ ಡ್ರೈವೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ಸಾಟಾದ್ದಕ್ಕೆ ಸಾಮಾನ್ಯವಾಗಿ ಎರಡು ಕಚ್ಚು, ಎನ್‌ವಿಎಂಇಗೆ ಹೆಚ್ಚಾಗಿ ಒಂದು. ಸ್ಲಾಟ್ ಯಾವುದನ್ನು ಒಪ್ಪುತ್ತದೆ, ಅದನ್ನು ಬಳಸಿದರೆ ಯಾವ ಸಾಟಾ ಪೋರ್ಟ್ ಮುಚ್ಚಿಹೋಗುತ್ತದೆ ಎಂಬುದು ಬೋರ್ಡಿನ ಮ್ಯಾನುಯಲ್‌ನಲ್ಲೇ ಇರುತ್ತದೆ. ಹೊಸದು ಹಾಕಿದ ಮೇಲೆ ಹಳೆಯ ಹಾರ್ಡ್‌ಡಿಸ್ಕ್ ಮಾಯವಾಯಿತು ಎಂಬ ದೂರಿಗೆ ಕಾರಣ ಎಷ್ಟೋ ಸಲ ಇದೇ.

ನಿಜವಾದ ವ್ಯತ್ಯಾಸ ಇರುವುದು ಡಿರಾಮ್‌ನಲ್ಲಿ. ಡೇಟಾ ಎಲ್ಲಿದೆ ಎಂಬ ಪಟ್ಟಿಯನ್ನು ಡಿರಾಮ್ ಇರುವ ಡ್ರೈವ್ ತನ್ನದೇ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಇಲ್ಲದ್ದು ಮತ್ತೆ ಮತ್ತೆ ಫ್ಲ್ಯಾಶ್‌ಗೆ ಹೋಗಿ ಓದಬೇಕು. ಎನ್‌ವಿಎಂಇಯಲ್ಲಿ ಇದಕ್ಕೆ ಪರಿಹಾರವಿದೆ: ಎಚ್‌ಎಂಬಿ ಎಂಬ ಸೌಲಭ್ಯದಿಂದ ಕಂಪ್ಯೂಟರಿನ ರ‍್ಯಾಮ್‌ನಲ್ಲೇ ಒಂದಿಷ್ಟನ್ನು, ಸಾಮಾನ್ಯವಾಗಿ 64 ಎಂಬಿವರೆಗೆ, ಎರವಲು ಪಡೆಯುತ್ತದೆ. ಸಾಟಾಕ್ಕೆ ಆ ಸೌಲಭ್ಯವೇ ಇಲ್ಲ. ಹಾಗಾಗಿ ಡಿರಾಮ್ ಇಲ್ಲದ ಎನ್‌ವಿಎಂಇ ಮನೆ ಕೆಲಸಕ್ಕೆ ಧಾರಾಳವಾಗಿ ಸಾಕು. ಡಿರಾಮ್ ಇಲ್ಲದ ಸಾಟಾ ಮಾತ್ರ ವಿಂಡೋಸ್ ಅಪ್‌ಡೇಟ್ ಮತ್ತು ಆಂಟಿವೈರಸ್ ಒಟ್ಟಿಗೆ ಓಡುವಾಗ ತಡವರಿಸುವುದು ಕಣ್ಣಿಗೇ ಕಾಣುತ್ತದೆ. ಕ್ರೂಶಿಯಲ್ ಬಿಎಕ್ಸ್500, ಕಿಂಗ್‌ಸ್ಟನ್ ಎ400 ಈ ಗುಂಪಿನವು, ವಾರಂಟಿ 3 ವರ್ಷ. ಸ್ಯಾಮ್‌ಸಂಗ್ 870 ಇವೊ, ಕ್ರೂಶಿಯಲ್ ಎಂಎಕ್ಸ್500 ಡಿರಾಮ್ ಇರುವವು, ವಾರಂಟಿ 5 ವರ್ಷ. ಹಳೆಯ ಬೋರ್ಡಿಗೆ ಹಾಕುವುದಾದರೆ ಈ ಹೆಚ್ಚಿನ ದುಡ್ಡು ಸಾರ್ಥಕ. ಬರೀ ಬ್ರೌಸರ್, ಬ್ಯಾಂಕ್ ಕೆಲಸ, ಮಕ್ಕಳ ಹೋಮ್‌ವರ್ಕ್ ಇದ್ದರೆ ಮಾತ್ರ ಅಗ್ಗದ್ದು ಸರಿ.

ಇನ್ನು ಟಿಎಲ್‌ಸಿ, ಕ್ಯೂಎಲ್‌ಸಿ. ಒಂದು ಸೆಲ್‌ನಲ್ಲಿ ಮೊದಲನೆಯದು ಮೂರು ಬಿಟ್ ಇಡುತ್ತದೆ, ಎರಡನೆಯದು ನಾಲ್ಕು. ಕ್ಯೂಎಲ್‌ಸಿ ಬೇಗ ಸವೆಯುತ್ತದೆ ಎಂದು ಅಂಗಡಿಯವರು ಹೆದರಿಸುತ್ತಾರೆ. ಮನೆಗೆ ಅದು ದೊಡ್ಡ ಭಯವಲ್ಲ. 1 ಟಿಬಿಯ ಕ್ರೂಶಿಯಲ್ ಪಿ3ಗೆ ಕಂಪನಿ ಹೇಳುವ ಬರೆಯುವ ಮಿತಿ 220 ಟಿಬಿ. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ ಸುಮಾರು 7.3 ಟಿಬಿ, ಅಂದರೆ 30 ವರ್ಷದ ಲೆಕ್ಕ. ಕಾಡುವುದು ಬೇರೆ. ಖಾಲಿ ಜಾಗದ ಒಂದು ಭಾಗವನ್ನು ಇಂಥ ಡ್ರೈವ್ ವೇಗದ ಕ್ಯಾಶ್ ಆಗಿ ಬಳಸುತ್ತದೆ. ಡ್ರೈವ್ ತುಂಬಿದಂತೆ ಕ್ಯಾಶ್ ಕುಗ್ಗುತ್ತದೆ. ಅದು ಮುಗಿದ ಮೇಲೆ ಬರೆಯುವ ವೇಗ ಸೆಕೆಂಡಿಗೆ 100 ಎಂಬಿ ಆಸುಪಾಸಿಗೆ ಇಳಿಯಬಹುದು. ಮದುವೆ ವಿಡಿಯೊದ 100 ಜಿಬಿ ನಕಲಿಗೆ ಆ ವೇಗದಲ್ಲಿ 17 ನಿಮಿಷ ಬೇಕು. 500 ಎಂಬಿ ವೇಗವಿದ್ದರೆ ಮೂರೂವರೆ ನಿಮಿಷದೊಳಗೆ ಮುಗಿಯುತ್ತದೆ. ಡಿರಾಮ್ ಇರುವ 1 ಟಿಬಿಯ ಒಳ್ಳೆಯ ಟಿಎಲ್‌ಸಿ ಸಾಟಾ ಆ ವೇಗವನ್ನು ಕೊನೆಯವರೆಗೂ ಬಿಡುವುದಿಲ್ಲ. ಡಬ್ಬಿಯ ಮೇಲೆ 3500 ಎಂಬಿ ಎಂದಿರುವ ಎನ್‌ವಿಎಂಇ 550ರ ಸಾಟಾಕ್ಕೆ ಸೋಲುವುದು ಇಲ್ಲೇ. ಎಂ.2 ಸ್ಲಾಟ್ ಇದ್ದರೆ ನಮ್ಮ ಆಯ್ಕೆ ಡಬ್ಲ್ಯೂಡಿ ಬ್ಲೂ ಎಸ್‌ಎನ್580 ತರಹದ ಟಿಎಲ್‌ಸಿ: ಡಿರಾಮ್ ಇಲ್ಲ, ಎಚ್‌ಎಂಬಿ ಇದೆ, 1 ಟಿಬಿಗೆ 600 ಟಿಬಿ ಮಿತಿ, 5 ವರ್ಷ ವಾರಂಟಿ. ಯಾವುದನ್ನೇ ಕೊಂಡರೂ ಶೇ 15ರಿಂದ 20 ಜಾಗ ಖಾಲಿ ಬಿಡಿ.

ಹಾಕುವ ಕೆಲಸ ಹತ್ತು ನಿಮಿಷದ್ದು. ಎಂ.2 ಡ್ರೈವನ್ನು ಸುಮಾರು 30 ಡಿಗ್ರಿ ಓರೆಯಾಗಿ ತೂರಿಸಿ, ಒತ್ತಿ, ಸಣ್ಣ ಸ್ಕ್ರೂ ಬಿಗಿಯಿರಿ. ಆ ಸ್ಕ್ರೂ ಡ್ರೈವ್ ಜೊತೆ ಬರದೇ ಇರಬಹುದು, ಅಂಗಡಿಯಲ್ಲೇ ಕೇಳಿ ತನ್ನಿ. 11ನೇ ತಲೆಮಾರಿನ ಮತ್ತು ಅದರ ನಂತರದ ಇಂಟೆಲ್ ಯಂತ್ರಗಳಲ್ಲಿ ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಡ್ರೈವ್ ಪಟ್ಟಿ ಖಾಲಿ ಕಂಡರೆ ಡ್ರೈವ್ ಕೆಟ್ಟಿದೆ ಎಂದುಕೊಳ್ಳಬೇಡಿ. ಡ್ರೈವ್‌ಗಳನ್ನು ಗುರುತಿಸಲು ಬೇಕಾದ ಇಂಟೆಲ್‌ನ ಆರ್‌ಎಸ್‌ಟಿ ಡ್ರೈವರ್ ಅನ್ನು ಪೆನ್‌ಡ್ರೈವ್‌ನಿಂದ ಲೋಡ್ ಮಾಡಿ.

ಕ್ಲೋನೋ (ಹಳೆಯ ಡ್ರೈವಿನ ಪೂರ್ತಿ ನಕಲು), ಹೊಸ ಇನ್‌ಸ್ಟಾಲೋ? ಹಳೆಯದು ಸರಿಯಾಗಿ ಓದುತ್ತಿದ್ದರೆ ಕ್ಲೋನ್‌ಜಿಲ್ಲಾ ತಂತ್ರಾಂಶ ಉಚಿತ, ಚೆನ್ನಾಗಿದೆ. ಹೊಸದು ಹಳೆಯದರಷ್ಟೇ ಅಥವಾ ದೊಡ್ಡದಿರಬೇಕು. ಕ್ಲೋನ್ ಮುಗಿದ ಮೇಲೆ ಮೊದಲ ಬೂಟ್‌ಗೆ ಹಳೆಯದನ್ನು ಕಿತ್ತಿಡಿ, ಎರಡಕ್ಕೂ ಒಂದೇ ಗುರುತಿರುವುದರಿಂದ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಓದುವಾಗ ಎರರ್ ಬರುತ್ತಿದ್ದರೆ ಕ್ಲೋನ್ ಬೇಡ. ಕೆಟ್ಟ ಡ್ರೈವಿನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ತಂತ್ರಾಂಶದಿಂದ ಸಿಕ್ಕಷ್ಟು ಎತ್ತಿಕೊಂಡು ಹೊಸದಾಗಿ ವಿಂಡೋಸ್ ಹಾಕಿ. ಬೋರ್ಡ್ ಅದೇ ಇದ್ದರೆ ಡಿಜಿಟಲ್ ಲೈಸೆನ್ಸ್ ತಾನಾಗಿ ಮರಳುತ್ತದೆ. ಡ್ರೈವನ್ನು ಎನ್‌ಕ್ರಿಪ್ಟ್ ಮಾಡುವ (ಕೀ ಇಲ್ಲದೆ ಓದಲಾಗದಂತೆ ಇಡುವ) ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಮೊದಲೇ ಬರೆದಿಡಿ. ಹೊಸ ಇನ್‌ಸ್ಟಾಲ್‌ನಲ್ಲಿ ಎಲ್ಲರೂ ಮರೆಯುವುದು ನುಡಿ ಮತ್ತು ಬರಹ. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪತ್ರಗಳು ಆ ಫಾಂಟ್ ಇಲ್ಲದೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆಯುತ್ತವೆ. ಹಳೆಯ ಫಾಂಟ್ ಫೋಲ್ಡರನ್ನೂ ನಕಲು ಮಾಡಿಕೊಳ್ಳಿ.

ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿ, ಡ್ರೈವ್ ಮೇಲಿನದಕ್ಕೆ ತಾಳೆ ನೋಡಿ. ಕೆಟ್ಟದ್ದಕ್ಕೆ ವಾರಂಟಿ ಉಳಿದಿದ್ದರೂ ಒಂದು ಯೋಚನೆ ಮಾಡಿ: ಕಾಣದ ಡ್ರೈವನ್ನು ಅಳಿಸಲು ಆಗುವುದಿಲ್ಲ, ಕೊಟ್ಟರೆ ಒಳಗಿನ ಪ್ಯಾನ್, ಆಧಾರ್, ಬ್ಯಾಂಕ್ ಕಾಗದಗಳೂ ಹೋದಂತೆ. ಎನ್‌ಕ್ರಿಪ್ಟ್ ಆಗಿರದಿದ್ದರೆ ವಾರಂಟಿ ಬಿಟ್ಟು, ಒಳಗಿನ ಫ್ಲ್ಯಾಶ್ ಚಿಪ್‌ಗಳನ್ನೇ ಒಡೆದು ಇ-ತ್ಯಾಜ್ಯಕ್ಕೆ ಹಾಕುವುದು ಸರಿ.