ಯಾವ ರೋಟೆನ್‌ಬುರ್ಗ್‌ಗೆ ಟಿಕೆಟ್ ತೆಗೆಯಬೇಕು?

ಜರ್ಮನಿಯಲ್ಲಿ ರೋಟೆನ್‌ಬುರ್ಗ್ ಹೆಸರಿನ ಊರುಗಳು ಹಲವು. ಜರ್ಮನ್ ಬರಹದಲ್ಲಿ ಕೆಲವಕ್ಕೆ ‘ಟಿ’ ಪಕ್ಕ ‘ಎಚ್’ ಸೇರುತ್ತದೆ, ಕೆಲವಕ್ಕೆ ಇಲ್ಲ. ಕಿವಿಗೆ ಎರಡೂ ಒಂದೇ. ಹಾಗಾಗಿ ಊರ ಹೆಸರಿನ ಬಾಲದಲ್ಲಿ ಸಾಮಾನ್ಯವಾಗಿ ಬರುವ ನದಿಯ ಹೆಸರನ್ನೇ ನೋಡಿ.

ಪ್ರವಾಸದ ಚಿತ್ರಗಳಲ್ಲಿ ಕಾಣುವುದು ಬವೇರಿಯಾದ ‘ಓಬ್ ಡೆರ್ ಟೌಬರ್’, ಅಂದರೆ ಟೌಬರ್ ನದಿಯ ಮೇಲಿನದು. ಸುಮಾರು 11,000 ಜನರ ಊರು. ಕೋಟೆಗೋಡೆಯ ಮೇಲೆ ಮರದ ಸೂರಿನಡಿ ನಡೆಯುತ್ತಾ ಹೋದರೆ ಪಕ್ಕದ ಕಲ್ಲುಗಳಲ್ಲಿ ದಾನಿಗಳ ಹೆಸರು ಕೆತ್ತಿರುವುದು ಕಾಣುತ್ತದೆ. ಜಪಾನಿನವರ ಹೆಸರೂ ಉಂಟು. 1945ರ ಮಾರ್ಚ್‌ನಲ್ಲಿ ಬಾಂಬ್ ಬಿದ್ದು ಊರಿನ ಪೂರ್ವ ಭಾಗ ಹಾಳಾಗಿತ್ತು. ಅದನ್ನು ಮತ್ತೆ ಕಟ್ಟಿದ ಋಣ ಆ ಕಲ್ಲುಗಳಲ್ಲಿದೆ. ನನಗಂತೂ ಅಂಗಡಿಬೀದಿಗಿಂತ ಈ ಗೋಡೆಯೇ ದೊಡ್ಡದು. ಮಧ್ಯಾಹ್ನ ವಿಪರೀತ ಜನ. ರಾತ್ರಿ ಉಳಿಯಿರಿ, ಬೆಳಿಗ್ಗೆ ಬೇಗ ಗೋಡೆ ಹತ್ತಿ. ರೈಲಿನಲ್ಲಾದರೆ ಸ್ಟೈನಾಖ್‌ನಲ್ಲಿ ಇಳಿದು ಚಿಕ್ಕ ಕವಲು ಹಳಿಯ ಗಾಡಿ ಹಿಡಿಯಬೇಕು.

ಹೆಸೆನ್ ರಾಜ್ಯದ ಫುಲ್ಡಾ ನದಿಯ ರೋಟೆನ್‌ಬುರ್ಗ್‌ನಲ್ಲೂ ಮರದ ಚೌಕಟ್ಟಿನ ಹಳೇ ಮನೆಗಳ ಸಾಲಿದೆ, ಅರಮನೆಯಿದೆ. ಗದ್ದಲ ಬೇಡ, ಹೊಳೆದಂಡೆಯಲ್ಲಿ ಸೈಕಲ್ ತುಳಿಯಬೇಕು ಎನ್ನುವವರಿಗೆ ನಾನು ಇದನ್ನೇ ಹೇಳುವುದು. ಕಾಸೆಲ್–ಬೆಬ್ರಾ ರೈಲುಮಾರ್ಗದಲ್ಲೇ ಸಿಗುತ್ತದೆ.

ವ್ಯುಮ್ಮೆ ನದಿಯ ರೋಟೆನ್‌ಬುರ್ಗ್ ಉತ್ತರದಲ್ಲಿ, ಬ್ರೆಮನ್–ಹ್ಯಾಂಬರ್ಗ್ ನಡುವೆ. ಸಮತಟ್ಟು ನೆಲ. ಕೋಟೆ ನೋಡುವ ಆಸೆಯಿಂದ ಇಲ್ಲಿಳಿದರೆ ಟೌಬರ್ ಇನ್ನೂ ನೂರಾರು ಕಿಲೋಮೀಟರ್ ದೂರ.

ಇನ್ನೊಂದು, ಪೋಲೆಂಡ್ ಗಡಿಯ ನೈಸ್ಸೆ ನದಿಯ ದಡದಲ್ಲಿದೆ. ಗ್ಯೋರ್ಲಿಟ್ಸ್ ಕಡೆ ಹೋಗುವವರು ಮಾತ್ರ ಯೋಚಿಸಿ.