ಫ್ಲೋ ನಂಬಿ ರೀಜನಲ್ ಏರ್‌ಲೈನ್ ಸೇರಬಹುದಾ? ಏಳು ವರ್ಷದ ಅನುಭವ

ರೇಟಿಂಗ್: ಐದಕ್ಕೆ ಎರಡೂವರೆ

ಅಮೆರಿಕದಲ್ಲಿ ಪೈಲಟ್ ಟ್ರೇನಿಂಗ್ ಮಾಡುತ್ತಿರುವ ಹುಡುಗರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಫ್ಲೋ ಇರೋ ರೀಜನಲ್ ಸೇರಲಾ?" ನಾನು ಅಂಥದ್ದೊಂದರಲ್ಲಿ ಏಳು ವರ್ಷದಿಂದ ಇದ್ದೇನೆ, ಈಗ ಕ್ಯಾಪ್ಟನ್. ಕಂಪನಿಯ ಹೆಸರು ಬೇಡ.

ದೊಡ್ಡ ಏರ್‌ಲೈನ್ ಒಡೆತನದ ಚಿಕ್ಕ ಏರ್‌ಲೈನ್ ಸೇರಿದರೆ, ಸೀನಿಯಾರಿಟಿ ಪ್ರಕಾರ ಸರದಿ ಬಂದಾಗ ಇಂಟರ್‌ವ್ಯೂ ಇಲ್ಲದೆ ದೊಡ್ಡದಕ್ಕೆ ಹೋಗಬಹುದು. ಇದೇ ಫ್ಲೋ. ತಿಂಗಳಿಗೆ ಇಷ್ಟು ಜನ ಅಂತ ಲೆಕ್ಕ. 2018ರಲ್ಲಿ ನಾನು ಸೇರುವಾಗ "ಐದು ವರ್ಷ" ಅಂದಿದ್ದರು. ಕೊಟ್ಟ ಕಾಗದದಲ್ಲಿ "ಅಂದಾಜು" ಅಂತಿತ್ತು.

2020ರಲ್ಲಿ ಕೋವಿಡ್ ಬಂದು ನೇಮಕಾತಿ ನಿಂತಿತು. ಅದಕ್ಕೆ ಯಾರನ್ನೂ ದೂರುವುದಿಲ್ಲ. ಆ ಏಪ್ರಿಲ್‌ನಲ್ಲೇ ಕಂಪಾಸ್, ಟ್ರಾನ್ಸ್ ಸ್ಟೇಟ್ಸ್ ಅನ್ನುವ ಎರಡು ರೀಜನಲ್‌ಗಳು ಬಾಗಿಲು ಹಾಕಿದವು, ನನಗೆ ಕೆಲಸವಾದರೂ ಉಳಿಯಿತು. ಬೇಜಾರಾಗಿದ್ದು 2022ರಲ್ಲಿ. ದೊಡ್ಡ ಕಂಪನಿಗಳು ಸಿಕ್ಕಸಿಕ್ಕ ಪೈಲಟ್‌ಗಳನ್ನೆಲ್ಲ ತೆಗೆದುಕೊಳ್ಳುತ್ತಿದ್ದವು, ನಮ್ಮ ಫ್ಲೋ ಮಾತ್ರ ಹನಿ ಹನಿ. ಏರ್‌ಲೈನ್‌ನಲ್ಲಿ 1,000 ಗಂಟೆ ಹಾರಿಸದೆ ಕ್ಯಾಪ್ಟನ್ ಆಗುವಂತಿಲ್ಲ, ಹಾಗಾಗಿ ಇರುವ ಕ್ಯಾಪ್ಟನ್‌ಗಳನ್ನು ಬಿಟ್ಟರೆ ವಿಮಾನ ನಿಲ್ಲುತ್ತದೆ ಅಂತ ನಮ್ಮನ್ನು ಹಿಡಿದಿಟ್ಟುಕೊಂಡರು. ಅದೇ ಹೊತ್ತಿಗೆ ಮೇನ್‌ಲೈನ್, ಅಂದರೆ ನಮ್ಮ ಒಡೆತನದ ದೊಡ್ಡ ಏರ್‌ಲೈನ್, ಹೊರಗಿನವರನ್ನು ನೇರವಾಗಿ ಸೇರಿಸಿಕೊಳ್ಳುತ್ತಿತ್ತು. ನನ್ನ ಬಲಗಡೆ ಸೀಟಿನಲ್ಲಿ ಕೂತು ಹಾರಿಸುತ್ತಿದ್ದ ಹುಡುಗ ರಾಜೀನಾಮೆ ಕೊಟ್ಟು ಬೇರೆ ಕಡೆ ಹೋದ. ಒಂದೂವರೆ ವರ್ಷಕ್ಕೆ ಅಲ್ಲಿಂದ ನಮ್ಮ ಮೇನ್‌ಲೈನಿಗೇ ಬಂದ. ಅವನಿಗೆ ಅಲ್ಲಿ ಸೀನಿಯಾರಿಟಿ ನಂಬರ್ ಇದೆ. ನನಗಿನ್ನೂ ಇಲ್ಲ.

ನಮ್ಮ ಕೆಲಸದಲ್ಲಿ ಆ ನಂಬರೇ ಎಲ್ಲ. ಯಾವ ಬೇಸ್, ಯಾವ ವಿಮಾನ, ಮಗಳ ಹುಟ್ಟುಹಬ್ಬಕ್ಕೆ ರಜೆ ಸಿಗುತ್ತಾ, ಎಲ್ಲ ಅದರ ಮೇಲೆ. ನಿವೃತ್ತಿ 65ಕ್ಕೆ. ಎರಡು ವರ್ಷ ತಡವಾಗಿ ಹೋದರೆ ಆ ಎರಡು ವರ್ಷ ಕೈತಪ್ಪುವುದು ಕೊನೆಯಲ್ಲಿ, ಸಂಬಳ ಎಲ್ಲಕ್ಕಿಂತ ಜಾಸ್ತಿ ಇರುವಾಗ. ಸೇರುವಾಗ ಇದನ್ನು ಯಾರೂ ಕೂರಿಸಿ ಹೇಳುವುದಿಲ್ಲ.

ಇನ್ನು ದಿನದ ಕೆಲಸ. ವಿಮಾನದ ಬಾಲದ ಮೇಲಿನ ಬಣ್ಣ ಮೇನ್‌ಲೈನಿನವರದು. ಟಿಕೆಟ್, ವೇಳಾಪಟ್ಟಿ, ಗೇಟು ಎಲ್ಲ ಅವರದೇ. ನಾವು ಹಾರಿಸಿಕೊಡುತ್ತೇವೆ. ಕಳೆದ ಜುಲೈನ ಒಂದು ಮಧ್ಯಾಹ್ನ ಹೇಳುತ್ತೇನೆ. ನಮ್ಮ 76 ಸೀಟಿನ ಎಂಬ್ರೇಯರ್ ವಿಮಾನದ ಎಪಿಯು (ನೆಲದ ಮೇಲಿದ್ದಾಗ ಎಸಿ ನಡೆಸುವ, ದೊಡ್ಡ ಎಂಜಿನ್ ಶುರು ಮಾಡಲು ಗಾಳಿ ಕೊಡುವ ಚಿಕ್ಕ ಎಂಜಿನ್) ಕೆಟ್ಟಿತ್ತು. ಹಾಗೇ ಹಾರಿಸಲು ನಿಯಮದಲ್ಲಿ ಅವಕಾಶ ಇದೆ. ಆದರೆ ಎಂಜಿನ್ ಶುರುವಾಗಲು ಹೊರಗಿನಿಂದ ಗಾಳಿ ಕೊಡುವ ಗಾಡಿ ಬೇಕು. ಆ ಗಾಡಿಯೂ ಅದರ ಹುಡುಗರೂ ಮೇನ್‌ಲೈನಿನವರು. ಇನ್ನೇನು ನಮ್ಮ ಹತ್ತಿರ ಬರಬೇಕು, ಅಷ್ಟರಲ್ಲಿ ಪಕ್ಕದ ಗೇಟಿನ ದೊಡ್ಡ ವಿಮಾನಕ್ಕೆ ಕರೆದರು. ಗಾಡಿ ತಿರುಗಿ ಹೋಗಿದ್ದನ್ನು ಕಿಟಕಿಯಿಂದ ನೋಡಿದೆ.

ಐವತ್ತು ನಿಮಿಷ ಕೂತೆವು. ಒಳಗೆ 90 ಡಿಗ್ರಿ ಫ್ಯಾರನ್‌ಹೀಟ್. ಎಲ್ಲರಿಗೂ ಕಿಟಕಿಯ ಪರದೆ ಎಳೆಯಲು ಹೇಳಿ, ನೀರು ಕೊಡಿಸಿ, ಸೀಟುಗಳ ನಡುವೆ ಓಡಾಡಿದೆ. ಮೂರನೇ ಸಾಲಿನಲ್ಲಿ ಒಬ್ಬ ಅಜ್ಜಿ ಸೇಫ್ಟಿ ಕಾರ್ಡ್‌ನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. "ನಿಮ್ಮ ಕಂಪನಿಯವರಿಗೆ ಹೇಳಿ ಕ್ಯಾಪ್ಟನ್, ಜನರನ್ನು ಹೀಗೆ ಕೂರಿಸಬಾರದು" ಅಂದರು. ಹೇಳ್ತೀನಿ ಅಂದೆ. ಆ ಐವತ್ತು ನಿಮಿಷಕ್ಕೆ ನನಗಾಗಲಿ, ಕ್ಯಾಬಿನ್‌ನಲ್ಲಿ ಓಡಾಡುತ್ತಿದ್ದ ಹುಡುಗಿಯರಿಗಾಗಲಿ ಗಂಟೆಯ ಸಂಬಳ ಇಲ್ಲ. ಬಾಗಿಲು ಮುಚ್ಚಿ ಬ್ರೇಕ್ ಬಿಟ್ಟ ಮೇಲೆಯೇ ಅದು ಶುರು.

ರಾತ್ರಿ ಹೋಟೆಲಿನಲ್ಲಿ ಕೂತು ರಿಪೋರ್ಟ್ ಬರೆದೆ. ಗೇಟಿನ ವ್ಯವಸ್ಥೆ ಮೇನ್‌ಲೈನ್ ಕೈಯಲ್ಲಿದೆ ಅಂತ ನಮ್ಮವರು ಉತ್ತರಿಸಿದರು. ಮೇನ್‌ಲೈನಿಗೆ ಬರೆದರೆ, ನಿಮ್ಮ ಕಂಪನಿಯ ಮೂಲಕ ಬನ್ನಿ ಅಂದರು. ಆ ಅಜ್ಜಿಗೆ ಕೊಟ್ಟ ಮಾತು ಅಲ್ಲೇ ನಿಂತಿದೆ. ಹವಾಮಾನ ಕೆಟ್ಟ ದಿನವೂ ಇದೇ ಕಥೆ. ಇಳಿಯುವ ಸ್ಲಾಟ್ ಕಡಿಮೆಯಾದರೆ ಮೊದಲು ರದ್ದಾಗುವುದು ನಮ್ಮ ಫ್ಲೈಟು. ದೊಡ್ಡ ವಿಮಾನದಲ್ಲಿ ಜನ ಜಾಸ್ತಿ, ಲೆಕ್ಕ ಅರ್ಥವಾಗುತ್ತದೆ. ಆದರೆ ಚಿಕ್ಕ ಊರಿಗೆ ದಿನಕ್ಕಿರುವುದೇ ಎರಡು ಫ್ಲೈಟು, ಅಲ್ವಾ?

ಎರಡೂವರೆ ಸ್ಟಾರ್ ಕೊಟ್ಟಿರುವುದು ಟ್ರೇನಿಂಗ್‌ಗೆ ಮತ್ತು ಜೊತೆಗಾರರಿಗೆ. 2009ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರ ಕೋಲ್ಗನ್ ಏರ್ ಅನ್ನುವ ರೀಜನಲ್‌ನ ಫ್ಲೈಟ್ 3407 ಬಿದ್ದು 50 ಜನ ಸತ್ತರು. ಅದರ ಟಿಕೆಟ್ ಮಾರಾಟವಾಗಿದ್ದೂ ದೊಡ್ಡ ಕಂಪನಿಯ ಹೆಸರಿನಲ್ಲೇ. ಆಮೇಲೆ ಏರ್‌ಲೈನ್ ಪೈಲಟ್ ಆಗಲು ಸಾಮಾನ್ಯವಾಗಿ 1,500 ಗಂಟೆ ಹಾರಿಸಿರಬೇಕು ಅನ್ನುವ ನಿಯಮ ಬಂತು, ಡ್ಯೂಟಿಗೆ ಮೊದಲು 10 ಗಂಟೆ ವಿಶ್ರಾಂತಿ ಬಂತು. ನಮ್ಮ ಸಿಮ್ಯುಲೇಟರ್ ಇನ್‌ಸ್ಟ್ರಕ್ಟರ್‌ಗಳು ಆ ರಾತ್ರಿಯನ್ನು ಮರೆಯಲು ಬಿಡುವುದಿಲ್ಲ. ಅವರು ಕಲಿಸಿದ್ದು ನನ್ನ ಕೈಯಲ್ಲಿದೆ. 2022ರಲ್ಲಿ ಸಂಬಳವನ್ನೂ ಚೆನ್ನಾಗಿ ಏರಿಸಿದರು, ಅದನ್ನೂ ಹೇಳಬೇಕು.

ಸೇರುವುದಾದರೆ ಸೇರಿ. ಆದರೆ "ಎಷ್ಟು ವರ್ಷ ಆಗಬಹುದು" ಅಂತ ಕೇಳಬೇಡಿ. ಕಳೆದ ಹನ್ನೆರಡು ತಿಂಗಳಲ್ಲಿ ಪ್ರತಿ ತಿಂಗಳು ನಿಜವಾಗಿ ಎಷ್ಟು ಜನ ಫ್ಲೋ ಆದರು ಅಂತ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಬೇರೆ ಕಡೆಯ ಅರ್ಜಿಗಳನ್ನು ಮೊದಲ ದಿನದಿಂದಲೇ ಹಾಕಿಡಿ. ನಾನು ಹಾಕಿದ್ದು ಈ ವರ್ಷ. ಮೂರರಲ್ಲಿ ಒಂದು ಕಡೆಯಿಂದ ಇಂಟರ್‌ವ್ಯೂ ದಿನಾಂಕ ಬಂದಿದೆ.