ಎಚ್‌ಡಿಎಂಐ ಸ್ಪ್ಲಿಟರ್ ತರಿಸುವವರೇ, ಸ್ಯಾಂಪಲ್ ನೋಡಿ ದುಡ್ಡು ಕೊಡಬೇಡಿ

ರಾಯಚೂರು, ಸಿಂಧನೂರು, ಗಂಗಾವತಿ ಕಡೆ ಮದುವೆ, ಜಾತ್ರೆಗೆ ಕ್ಯಾಮೆರಾ, ಟಿವಿ ಹಾಕುವವರೆಲ್ಲ ಇದನ್ನು ಪೂರ್ತಿ ಓದಿ. ಬೆಂಗಳೂರಿನ ಒಂದು ಪಾರ್ಟಿ ಸ್ವಂತ ಡಿಸೈನ್ ಅಂತ ಹೇಳಿ ನಮ್ಮ ಕಡೆ ಸ್ಪ್ಲಿಟರ್, ಅಂದರೆ ಒಂದು ಕ್ಯಾಮೆರಾದ ಚಿತ್ರವನ್ನು ಹಲವು ಟಿವಿಗೆ ಹಂಚುವ ಡಬ್ಬಿ, ಮಾರುತ್ತಿದೆ. ನನಗೆ ತೋರಿಸಿದ ಸ್ಯಾಂಪಲ್ಲೇ ಬೇರೆ, ಕಳಿಸಿದ ಮಾಲೇ ಬೇರೆ.

ಸ್ಯಾಂಪಲ್ ಚೆನ್ನಾಗಿಯೇ ಇತ್ತು. ಸಂಜೆಯೆಲ್ಲ ಓಡಿಸಿದರೂ ಕೈಗೆ ಬೆಚ್ಚಗೆ, ಅಷ್ಟೆ. ಅದನ್ನು ನೋಡಿಯೇ ಅಡ್ವಾನ್ಸ್ ಹಾಕಿದ್ದು. ಬಂದ ಮಾಲಿಗೂ ಅದೇ ಡಬ್ಬಿ, ಅದೇ ಸ್ಟಿಕರ್.

ಮೇ ತಿಂಗಳಲ್ಲಿ ಸಿಂಧನೂರಿನ ಮದುವೆ. ಆ ಬಿಸಿಲು ನಿಮಗೆ ಹೇಳಬೇಕಾಗಿಲ್ಲ, 40 ಡಿಗ್ರಿ ಆರಾಮಾಗಿ ದಾಟುತ್ತೆ. ಸರಿಯಾಗಿ ಅಕ್ಕಿಕಾಳು ಹಾಕುವ ಹೊತ್ತಿಗೆ ಎಲ್ಲ ಟಿವಿಯೂ ಕಪ್ಪು. ಸ್ವಲ್ಪ ಹೊತ್ತಿಗೆ ಬಂತು, ಮತ್ತೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. "ಏನ್ರೀ, ತಾಳಿ ಕಟ್ಟೋದ ಕಾಣಲಿಲ್ಲಲ್ರೀ!" ಅಂತ ಹುಡುಗಿಯ ಸೋದರಮಾವ ಎಲ್ಲರ ಎದುರಿಗೇ ಕೇಳಿದರು. ತಲೆ ಎತ್ತಲಾಗಲಿಲ್ಲ.

ಮನೆಗೆ ಬಂದು ಎರಡೂ ಡಬ್ಬಿ ಬಿಚ್ಚಿ ಪಕ್ಕಪಕ್ಕ ಇಟ್ಟೆ. ಮೈ ಉರಿದುಹೋಯಿತು. ಸ್ಯಾಂಪಲ್‌ನಲ್ಲಿ ಕಾಯಿಲ್ ಇರುವ ಬಕ್ ಕನ್ವರ್ಟರ್ ಇತ್ತು, ಅಂದರೆ ಹೆಚ್ಚು ಬಿಸಿಯಾಗದೆ ವೋಲ್ಟ್ ಇಳಿಸುವ ಸರ್ಕ್ಯೂಟ್. ಮಾಲಿನಲ್ಲಿ ಅದರ ಜಾಗಕ್ಕೆ 7805 ಅನ್ನುವ ಮೂರು ಕಾಲಿನ ರೆಗ್ಯುಲೇಟರ್, ಹೆಚ್ಚಿನ ವೋಲ್ಟನ್ನು ಬಿಸಿ ಮಾಡಿ ಕಳೆಯುವಂಥದ್ದು. 12 ವೋಲ್ಟನ್ನು 5ಕ್ಕೆ ಇಳಿಸಿದರೆ ಉಳಿದ 7 ವೋಲ್ಟ್ ಬಿಸಿಯಾಗಿಯೇ ಹೋಗಬೇಕು. ಒಂದು ಆಂಪಿಯರ್ ಎಳೆದರೆ 7 ವಾಟ್! ಮುಚ್ಚಿದ ಡಬ್ಬಿಯಲ್ಲಿ, ಬಿಸಿ ಎಳೆಯುವ ಲೋಹದ ಹೀಟ್ ಸಿಂಕ್ ಇಲ್ಲದೆ! ಅದು ಕಾದು ತಾನೇ ಆಫ್ ಆಗುತ್ತೆ, ತಣ್ಣಗಾದರೆ ಮತ್ತೆ ಆನ್. ಮದುವೆಯಲ್ಲಿ ಆಗಿದ್ದು ಇದೇ.

ಇಷ್ಟೇ ಅಲ್ಲ. ಬೋರ್ಡ್ ತಿರುಗಿಸಿ ನೋಡಿದೆ. ಸ್ಯಾಂಪಲ್‌ನಲ್ಲಿ ವಿಡಿಯೋ ಚಿಪ್‌ನ ನೇರ ಕೆಳಗೆ ಸಾಲುಸಾಲು ಸಣ್ಣ ತೂತು, ಅಂದರೆ ವಯಾ. ಚಿಪ್‌ನ ಹೊಟ್ಟೆಯ ಬಿಸಿ ಹಿಂಬದಿಯ ತಾಮ್ರಕ್ಕೆ ಇಳಿಯುವುದು ಅಲ್ಲಿಂದಲೇ. ಮಾಲಿನಲ್ಲಿ ಆ ಜಾಗ ಬರೀ ಹಸಿರು, ಒಂದು ತೂತೂ ಇಲ್ಲ. 7805ಕ್ಕೆ ಅಂಟಿಕೊಂಡಂತೆ ಒಂದು ಕೆಪಾಸಿಟರ್, ಅದರ ತಲೆ ಆಗಲೇ ಉಬ್ಬಿದೆ. ಅದು ತಡೆಯುವ ಬಿಸಿ 85 ಡಿಗ್ರಿ ಅಂತ ಮೇಲೆ ಪ್ರಿಂಟ್. ಅವರೇ ಬರೆದು ಕೊಟ್ಟಿದ್ದು 105!

ಫೋನ್ ಮಾಡಿದೆ. ಉತ್ತರ ಕೇಳಿ.

"ನಮ್ಮ ಟೇಬಲ್ ಮೇಲೆ ಚೆನ್ನಾಗೇ ಓಡ್ತಿದೆ ಸಾರ್." ಎಸಿ ರೂಮಿನ ಟೇಬಲ್ ಮೇಲೆ ಓಡದೆ ಇನ್ನೇನು?

"ರಾಯಚೂರು ಬಿಸಿಲಿಗೆ ನಾವೇನು ಮಾಡೋಕಾಗುತ್ತೆ ಸಾರ್?" ಆರ್ಡರ್ ತಗೊಳ್ಳುವಾಗ ಊರು ಯಾವುದು ಅಂತ ಗೊತ್ತಿರಲಿಲ್ವಾ?

"ಡಿಸೈನ್ ಅದೇ ಸಾರ್, ಪಾರ್ಟ್ಸ್ ಸ್ವಲ್ಪ ಚೇಂಜ್ ಆಗಿದೆ ಅಷ್ಟೆ." ಈ 'ಅಷ್ಟೆ'ಗೇ ನನಗೆ ತಡೆಯಲಾಗದ ಸಿಟ್ಟು ಬಂದಿದ್ದು. ಫೋಟೋ ಕಳಿಸಿದ ಮೇಲೆ, "ಡಬ್ಬಿ ಬಿಚ್ಚಿದ್ದೀರಲ್ಲ, ವಾರಂಟಿ ಹೋಯ್ತು." ಬಿಚ್ಚದಿದ್ದರೆ ಮೋಸ ಗೊತ್ತಾಗುತ್ತಿದ್ದುದು ಹೇಗೆ?

ಸ್ಯಾಂಪಲ್ ವಾಪಸ್ ಕೊಡಬೇಡಿ, ಮಾಲು ಬಂದ ದಿನವೇ ಎರಡನ್ನೂ ಬಿಚ್ಚಿ ಹಿಂಬದಿ ನೋಡಿ. ಮುಚ್ಚಿದ ಕೋಣೆಯಲ್ಲಿ ಮಧ್ಯಾಹ್ನ ಓಡಿಸಿ ನೋಡದೆ ಬಾಕಿ ದುಡ್ಡು ಬಿಡಬೇಡಿ.

ವ್ಯಾಪಾರಕ್ಕೆ ಕೊಂಡಿದ್ದು, ಗ್ರಾಹಕರ ದೂರು ನಡೆಯಲ್ಲ ಅಂತಲೂ ಆ ಪಾರ್ಟಿಯವರು ಹೆದರಿಸಿದರು. ಸುಳ್ಳು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಇದೇ ಬೋರ್ಡ್ ನಿಮ್ಮ ಹತ್ತಿರವೂ ಇದ್ದರೆ ಬಿಲ್ಲು, ಹಿಂಬದಿಯ ಫೋಟೋ ಎರಡನ್ನೂ ಕಳಿಸಿ, ನನ್ನ ದೂರಿನ ಜೊತೆಗೆ ಸೇರಿಸುತ್ತೇನೆ.